ಒಂದು ಒಲೆಗೆ ಇಬ್ಬರು

ಮನೆಯಿಲ್ಲದ ಬಡವರನ್ನು ಎಣಿಸಲು ನಮ್ಮೂರಿಗೆ ಸಾಹೇಬರೊಬ್ಬರು ಬಂದರು. ಸೋರುವ ನನ್ನ ಗುಡಿಸಲಿಗೂ ಬಂದರು.

"ಒಬ್ನೇ ಏನಯ್ಯ?"

"ಹೆಂಡ್ತಿ ಸಾಕವ್ವ ತೀರ್ಕೊಂಡ್ಲು. ಒಬ್ನೇ, ಸ್ವಾಮಿ."

"ಹಾಗಾದ್ರೆ ಸರ್ಕಾರಿ ಮನೆ ಸಿಗಲ್ಲ. ಒಂದು ಒಲೇಲಿ ಬೇಯ್ಸಿದ್ದನ್ನ ಇಬ್ರಾದ್ರೂ ಉಂಡ್ರೆ ಮಾತ್ರ ಕುಟುಂಬ."

ಮಧ್ಯಾಹ್ನವಾಗಿತ್ತು. ಮುದ್ದೆ, ಉಪ್ಸಾರು ಬಡಿಸಿದೆ. ಸಾಹೇಬರು ಹಸಿದಿದ್ದರು, ನನ್ನ ಜೊತೆಗೇ ಕೂತು ಉಂಡರು. ಅವರು ಕೈ ತೊಳೆದ ಮೇಲೆ ಹೇಳಿದೆ:

"ಈಗ ಬರ್ಕೊಳ್ಳಿ. ಈ ಒಲೇಲಿ ಬೇಯ್ಸಿದ್ದನ್ನ ಉಂಡೋರು ಇಬ್ರು. ನಿಮ್ಮ ಹೆಸರೇನು ಸ್ವಾಮಿ?"

"ಲೇ! ನನ್ನ ಮನೆ ಪೇಟೇಲಿದೆ ಕಣಯ್ಯ. ಹೆಂಡ್ತಿ ಕಾಯ್ತಿರ್ತಾಳೆ!"

"ಅಮ್ಮಾವ್ರಿಗೆ ಹೇಳಿ ಕಳಿಸ್ತೀನಿ ಬಿಡಿ, ಸಾಹೇಬ್ರು ಇಲ್ಲೇ ಸೇರ್ಕೊಂಡ್ರು ಅಂತ."

ಸಾಹೇಬರು ಮೊದಲು ಗುರಾಯಿಸಿದರು. ಆಮೇಲೆ ನಕ್ಕುಬಿಟ್ಟರು.

"ಬೇಡಪ್ಪ ಮಾರಾಯ, ನೀನೊಬ್ನೇ ಒಂದು ಕುಟುಂಬ!"

ನನ್ನ ಹೆಸರಿಗೆ ಮನೆ ಬರೆದು ಹೊರಟರು. ನಾನು ಎರಡು ತಟ್ಟೆ ತೊಳೆದಿಟ್ಟೆ. ಹಾಗೆ ತೊಳೆದು ಬಹಳ ದಿನವಾಗಿತ್ತು.