ಚಿತ್ರದ ಬೆನ್ನು ನೋಡಿದವನು

ಬಾಗಲಕೋಟೆ ಸೀಮೆಯ ಒಂದು ನೇಕಾರರ ಊರಿನಲ್ಲಿ ಚನ್ನಮಲ್ಲಪ್ಪ ಎಂಬ ಸೀರೆ ಪರೀಕ್ಷಕನಿದ್ದ. ಊರಿನ ಮಗ್ಗಗಳಲ್ಲಿ ನೇಯ್ದ ಸೀರೆಯೆಲ್ಲ ಮೊದಲು ನೇಕಾರರ ಸಂಘಕ್ಕೆ ಬರಬೇಕು, ಅವನ ಕೈ ದಾಟಿ ಪೇಟೆಗೆ ಹೋಗಬೇಕು. ಅವನು ಸೀರೆಯ ಮೋರೆ ನೋಡುತ್ತಿರಲಿಲ್ಲ. ಕೈಗೆ ಬಂದ ಕೂಡಲೇ ಮಗುಚಿ ಹಾಕಿ ಬೆನ್ನು ನೋಡುತ್ತಿದ್ದ. "ಮೋರೆ ಎಲ್ಲಾರೂ ತೊಳಕೊಂಡ ಬರ್ತಾರ, ಬೆನ್ನ ನೋಡ್ರಿ" ಎನ್ನುವುದು ಅವನ ಮಾತು. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ, ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಅವನಿಗೆ ಗೊತ್ತಾಗುತ್ತಿತ್ತು. ಆಮೇಲೆ ಬಾಯಿಂದ ಬರುವುದು ಎರಡರಲ್ಲಿ ಒಂದು ಮಾತು: "ಪಾಸ್" ಇಲ್ಲವೇ "ವಾಪಸ್". ಮೂವತ್ತು ವರ್ಷದಲ್ಲಿ ಒಂದು ಸೀರೆಯನ್ನೂ ಅವನು ಎರಡನೇ ಸಲ ನೋಡಿದವನಲ್ಲ. ಅದರ ಬಗ್ಗೆ ಅವನಿಗೆ ಜಂಬವೂ ಇತ್ತು.

ಅವನಿಗೆ ಒಬ್ಬಳೇ ಮಗಳು, ದಾನೇಶ್ವರಿ. ಮನೆಯಲ್ಲಿ ಎಲ್ಲರಿಗೂ ದಾನವ್ವ. ಧಾರವಾಡದಲ್ಲಿ ಚಿತ್ರಕಲೆ ಕಲಿತಳು. ಯುಗಾದಿಗೆ ಮನೆಗೆ ಬರುವಾಗ ಬಾಗಿಲಿನಷ್ಟು ದೊಡ್ಡದೊಂದು ಚಿತ್ರವನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ತಂದಳು. ನಾಲ್ಕು ತಿಂಗಳು ಕೂತು ಬರೆದ ಚಿತ್ರ. ಅದನ್ನು ಪಡಸಾಲೆಯಲ್ಲಿ ನಿಲ್ಲಿಸಿ, "ಅಪ್ಪಾ, ನೋಡು" ಅಂದಳು.

ಚಿತ್ರದ ತುಂಬ ನೀಲಿ. ಮೇಲೂ ನೀಲಿ, ಕೆಳಗೂ ನೀಲಿ. ಒಂದು ಪಕ್ಕದಲ್ಲಿ ತೆಳ್ಳನೆಯ ಒಂದು ಕೆಂಪು ಗೆರೆ. ಮನುಷ್ಯರಿಲ್ಲ, ಮರವಿಲ್ಲ, ಒಂದು ಗುಬ್ಬಿಯಾದರೂ ಇಲ್ಲ. ಚನ್ನಮಲ್ಲಪ್ಪ ಒಮ್ಮೆ ಕಣ್ಣು ಮಿಟುಕಿಸಿದ. ಅಭ್ಯಾಸಬಲ, ಚಿತ್ರವನ್ನು ತಿರುಗಿಸಿ ಬೆನ್ನು ನೋಡಿದ. ಅಲ್ಲಿ ಬರೀ ಬಟ್ಟೆ, ನಾಲ್ಕು ಕಟ್ಟಿಗೆ ಪಟ್ಟಿ.

"ಏನೂ ಇಲ್ಲಲ್ಲವ್ವಾ ಇದರಾಗ. ವಾಪಸ್" ಅಂದ.

ಅವನೇನೋ ನಕ್ಕೇ ಅಂದಿದ್ದ. ಆದರೆ ಆ ಮಾತು ಕೇಳಿ ಮನೆಗೆ ಹೋದ ನೇಕಾರರ ಮೋರೆಗಳನ್ನು ದಾನವ್ವ ಚಿಕ್ಕಂದಿನಿಂದ ನೋಡಿದ್ದಳು. ಅವಳು ಅಳಲಿಲ್ಲ. ಚಿತ್ರದ ಮೋರೆ ಗೋಡೆಗೆ, ಬೆನ್ನು ಮನೆಗೆ ಮಾಡಿ ನಿಲ್ಲಿಸಿದಳು. ಅಂದಿನಿಂದ ಕುಂಚ ಮುಟ್ಟಲಿಲ್ಲ. ಅಪ್ಪನೊಡನೆ "ಊಟಕ್ಕ ಬಾ", "ನೀರು ಕಾದಾವು" ಇಷ್ಟೇ ಮಾತು.

ಹೀಗೆ ಎರಡೂವರೆ ತಿಂಗಳಾಯಿತು. ಬೆನ್ನು ನೋಡಬೇಕೆಂದವನಿಗೆ ದಿನಾ ಬೆಳಗಾದರೆ ಚಿತ್ರದ ಬೆನ್ನೇ ಕಾಣುತ್ತಿತ್ತು!

ಒಂದು ಸೋಮವಾರ ಅವನ ಹೆಂಡತಿ ಕಾಶವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಏನ್ರೀ, ಬೋರ್ಡ್ ಬರಿಯೋ ಮಕ್ತುಮಸಾಬಗ ಗುರುವಾರ ಬಾ ಅಂದಾಳ ದಾನವ್ವ. ಬಣ್ಣ, ಕುಂಚ, ಎಲ್ಲಾ ಅವಗ ಕೊಟ್ಟು ಬಿಡ್ತಾಳಂತ. ಇನ್ನ ಬರಿಯೋದಿಲ್ಲಂತ."

"ಯಾಕ?"

"ಯಾಕಂತ ನನ್ನ ಕೇಳ್ತೀರಿ? ನಿಮ್ಮ ಒಂದು ಮಾತಿಗೆ ಆಕಿ ಕೈ ನಿಂತೈತಿ."

ನೇಕಾರರ ಮನೆಯಲ್ಲಿ 'ಕೈ ನಿಂತಿತು' ಎಂದರೆ ಸಣ್ಣ ಮಾತಲ್ಲ. ಮಗ್ಗದ ಸದ್ದು ನಿಂತ ಮನೆಗೆ ಜನ ಸಾವಿನ ಮನೆಗೆ ಬಂದಂತೆ ಮಾತಾಡಿಸಲು ಬರುತ್ತಾರೆ. ಚನ್ನಮಲ್ಲಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟ. "ಚಂದ ಐತಿ ಅಂತ ಈಗ ಹೇಳಿ ಬಿಡ್ಲೇನು?" ಅಂದ.

"ಸುಳ್ಳು ಹೇಳಿದ್ರ ಆಕಿಗೆ ತಿಳಿಯೂದಿಲ್ಲೇನು? ನಿಮ್ಮ ಮಗಳು ಆಕಿ. ಮಾತಿನ ಬೆನ್ನು ನೋಡ್ತಾಳ."

ಇಂಥ ಚಿತ್ರಗಳನ್ನು ಗೋಡೆಗೆ ಹಾಕಿ, ಜನ ಬಂದು ನೋಡುವ ಮನೆಗಳು ಬೆಂಗಳೂರಿನಲ್ಲಿವೆ ಎಂದು ಚನ್ನಮಲ್ಲಪ್ಪ ಕೇಳಿದ್ದ. ಹೇಗೆ ನೋಡುತ್ತಾರೆ ಅನ್ನುವುದನ್ನು ಕಲಿತು ಬಂದರೆ ಮಗಳಿಗೆ ಒಂದು ನಿಜವಾದ ಮಾತು ಹೇಳಬಹುದು. ಸಂಘದ ಕೆಲಸ ಎಂದು ಸುಳ್ಳು ಹೇಳಿ ಅಂದೇ ಬಸ್ಸು ಹತ್ತಿದ. ಬುಧವಾರ ಸಂಜೆ ಐದರ ಬಸ್ಸಿಗೆ ಮರಳಿ ಹೊರಟರೆ ಗುರುವಾರ ಮುಂಜಾನೆ ಊರು. ಅಷ್ಟರೊಳಗೆ ಕಲಿತು ಮುಗಿಸಬೇಕು.

ಮಂಗಳವಾರ ಎರಡು ಚಿತ್ರಶಾಲೆ ನೋಡಿದ. ನೋಡಿದ ಅನ್ನುವುದಕ್ಕಿಂತ ದಾಟಿದ ಅನ್ನಬೇಕು. ಒಂದು ಕೋಣೆಯಲ್ಲಿ ನಲವತ್ತು ಚಿತ್ರ. ಕಾಲು ತಾಸಿನಲ್ಲಿ ಮುಗಿಸಿದ. ಇನ್ನೊಂದರಲ್ಲಿ ತುಕ್ಕು ಹಿಡಿದ ಸೈಕಲ್ಲನ್ನು ಛಾವಣಿಯಿಂದ ತಲೆಕೆಳಗಾಗಿ ತೂಗು ಹಾಕಿದ್ದರು. ಮತ್ತೊಂದು ಕಡೆ ಬಿಳಿಯ ಮೇಲೆ ಬಿಳಿ. ಪಕ್ಕದ ಚೀಟಿ ಓದಿದರೆ 'ಹೆಸರಿಲ್ಲ' ಎಂದಿತ್ತು. ಹಡೆದವರೇ ಹೆಸರಿಡದ ಕೂಸನ್ನು ನಾನು ಏನೆಂದು ಕರೆಯಲಿ ಎಂದು ಅವನಿಗೆ ಸಿಟ್ಟು ಬಂತು.

ಒಬ್ಬ ಕನ್ನಡಕದ ತರುಣ ಒಂದು ಚಿತ್ರದ ಮುಂದೆ ತಲೆ ಓರೆ ಮಾಡಿ ನಿಂತಿದ್ದ. ಚನ್ನಮಲ್ಲಪ್ಪ ಅವನನ್ನೇ ಕೇಳಿದ: "ತಮ್ಮಾ, ಇದರ ಅರ್ಥ ಏನು?"

"ನಿಮಗೆ ಏನನ್ನಿಸುತ್ತೋ ಅದೇ ಸರ್."

"ನನಗ ಏನೂ ಅನಸವಲ್ದು."

"ಹಾಗಾದ್ರೆ ಅದೇ ಅರ್ಥ" ಎಂದು ತರುಣ ಮುಂದೆ ಹೋದ.

ಚನ್ನಮಲ್ಲಪ್ಪನಿಗೆ ಅಂಗಾಲಲ್ಲಿ ಇರುವೆ ಬಿಟ್ಟಂತಾಯಿತು. ಮೂವತ್ತು ವರ್ಷ ಬಾಳಿದ ಕಣ್ಣು ಇಲ್ಲಿ ಒಂದೇ ದಿನಕ್ಕೆ ಕೆಲಸಕ್ಕೆ ಬಾರದ್ದಾಯಿತೇ? ಬುಧವಾರ ಮಧ್ಯಾಹ್ನ ಮೂರನೆಯ ಚಿತ್ರಶಾಲೆಗೆ ಬಂದಾಗ ಅವನಿಗೆ ಚಿತ್ರಗಳಿಗಿಂತ ಗಡಿಯಾರವೇ ಹೆಚ್ಚು ಕಾಣುತ್ತಿತ್ತು. ಒಳಗಿನ ಕೋಣೆಯಲ್ಲಿ ಒಂದು ಚಿತ್ರ ಅವನನ್ನು ನಿಲ್ಲಿಸಿತು. ಅದೂ ಮಗಳ ಚಿತ್ರದ ಹಾಗೆಯೇ, ತುಂಬ ಒಂದೇ ಬಣ್ಣ. ಆದರೆ ಇದು ಬೂದಿ ಬಣ್ಣ. ಇದರ ಗುಟ್ಟು ತಿಳಿದರೆ ಅದರದೂ ತಿಳಿದೀತು!

ಕಣ್ಣು ಮಿಟುಕಿಸಿದ. ಏನೂ ಹೊಳೆಯಲಿಲ್ಲ. ಆಗ ಅವನು ಸೀರೆ ನೋಡುವವನು ಮಾತ್ರ ಮಾಡಬಹುದಾದ ಕೆಲಸವೊಂದನ್ನು ಮಾಡಿದ. ಆಚೀಚೆ ನೋಡಿ, ಚೌಕಟ್ಟಿಗೆ ಎರಡೂ ಕೈ ಹಾಕಿ, ಚಿತ್ರವನ್ನು ಗೋಡೆಯಿಂದ ಎತ್ತಿದ.

ಕಿವಿ ಕಿತ್ತು ಹೋಗುವಂತೆ ಗಂಟೆ ಹೊಡೆದುಕೊಂಡಿತು. ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಕಾವಲಿನ ಹೆಂಗಸು ಓಡಿ ಬಂದಳು. ಖಾಕಿ ಸೀರೆ, ಎದೆಯ ಮೇಲೆ 'ಮುನಿರತ್ನಮ್ಮ' ಎಂಬ ಹೆಸರಿನ ಪಟ್ಟಿ.

"ಅಯ್ಯಯ್ಯೋ ಯಜಮಾನ್ರೇ! ಪಟ ಕೀಳ್ತಾ ಇದೀರಲ್ಲ, ಬಿಡಿ, ಬಿಡಿ!"

"ಕೀಳಾಕತ್ತಿಲ್ಲವಾ ತಾಯೀ. ಬೆನ್ನು ನೋಡಾಕತ್ತಿದ್ದೆ."

"ಪಟಕ್ಕೆ ಎಂಥಾ ಬೆನ್ನು?" ಎಂದು ಅವಳು ಚಿತ್ರವನ್ನು ಮೊದಲಿನಂತೆ ತೂಗುಹಾಕಿ, ಎದುರಿಗಿದ್ದ ಬೆಂಚು ತೋರಿಸಿದಳು. "ಸಾಹೇಬ್ರು ಊಟಕ್ಕೆ ಹೋಗವ್ರೆ. ಅವರು ಬಂದು ಹೇಳೋಗಂಟ ಇಲ್ಲಿಂದ ಅಲ್ಲಾಡಂಗಿಲ್ಲ ನೀವು."

"ತಾಯೀ, ಐದಕ್ಕ ನನ್ನ ಬಸ್ ಐತಿ."

"ಹಂಗಾದ್ರೆ ಕೈ ಯಾಕೆ ಹಾಕಿದ್ರಿ? ಕೂತ್ಕಳಿ."

ಕೂತ. ಎದುರಿಗೆ ಅದೇ ಬೂದಿ ಚಿತ್ರ. ಗಡಿಯಾರದಲ್ಲಿ ಎರಡು. ಮೊದಲ ಹತ್ತು ನಿಮಿಷ ನೆಲದ ಹಾಸುಗಲ್ಲು ಎಣಿಸಿದ. ಆಮೇಲೆ ತನ್ನ ಬೆರಳು ಎಣಿಸಿದ. ಎದ್ದ, ಅವಳು ನೋಡಿದಳು, ಕೂತ. ಗುರುವಾರ ಮಕ್ತುಮಸಾಬ ಬಂದು ಬಣ್ಣದ ಡಬ್ಬಿ ಸೈಕಲ್ಲಿಗೆ ಕಟ್ಟುವುದು ಕಣ್ಣ ಮುಂದೆ ಬಂತು. ಬೇರೆ ನೋಡುವುದಕ್ಕೆ ಏನೂ ಉಳಿಯಲಿಲ್ಲ. ಕಡೆಗೆ ಚಿತ್ರವನ್ನೇ ನೋಡಿದ.

ಅರ್ಧ ತಾಸಾದ ಮೇಲೆ ಅವನು ಮುಂದಕ್ಕೆ ಬಾಗಿದ. ಬೂದಿ ಬಣ್ಣ ಒಂದೇ ಇರಲಿಲ್ಲ. ಉದ್ದ ಎಳೆದ ಕುಂಚದ ಮೇಲೆ ಅಡ್ಡ ಎಳೆದ ಕುಂಚ, ಮಗ್ಗದಲ್ಲಿ ಹಾಸಿನ ಎಳೆಯ ಮೇಲೆ ಹೊಕ್ಕಿನ ಎಳೆ ಬಂದ ಹಾಗೆ. ಕೆಳಗೆ ಎಲ್ಲೋ ಹಳದಿ ಇತ್ತು. ಯಾರೋ ಬೇಕೆಂದೇ ಅದನ್ನು ಮುಚ್ಚಿದ್ದರು. ನಡುವೆ ಒಂದು ಕಡೆ ಗೆರೆ ಅಲುಗಿತ್ತು.

"ಇಲ್ಲಿ ನೋಡವಾ" ಎಂದು ಅವನು ಗಟ್ಟಿಯಾಗಿಯೇ ಅಂದ. "ಇಲ್ಲಿ ಬರದಾವನ ಕೈ ನಡುಗೇತಿ!"

ಮುನಿರತ್ನಮ್ಮ ಸ್ಟೂಲಿನಿಂದಲೇ ನಕ್ಕಳು. "ಹತ್ತು ವರ್ಷದಿಂದ ನೋಡ್ತಾ ಇವ್ನಿ. ಅದು ನಂಗೆ ಕಾಣ್ಸಕ್ಕೆ ಒಂದು ವರ್ಷ ಆಯ್ತು. ನೀವು ಬೇಗ್ನೆ ಕಂಡ್ರಿ."

"ಹಂಗಾರ ಇದರ ಅರ್ಥ ಏನು?"

"ಅರ್ಥ ಗಿರ್ಥ ನಂಗೊತ್ತಿಲ್ಲಪ್ಪ. ಬೆಳಗ್ಗೆ ಒಂಥರ ಕಾಣ್ತದೆ, ಬಿಸಿಲು ಇಳಿದ ಮೇಲೆ ಒಂಥರ. ನನ್ನ ಯಜಮಾನ್ರು ತೀರ್ಕೊಂಡ ವರ್ಷ ಇದನ್ನ ನೋಡಕ್ಕೇ ಆಗ್ತಿರ್ಲಿಲ್ಲ, ಸ್ಟೂಲ್ ಆ ಕಡೆ ತಿರುಗಿಸ್ಕೊಂಡು ಕೂತ್ಕತಿದ್ದೆ. ಈಗ ಇದಿಲ್ದೆ ಹೊತ್ತು ಹೋಗಲ್ಲ." ಅವಳೇ ಕೇಳಿದಳು: "ಅದ್ಸರಿ, ಬೆನ್ನಲ್ಲಿ ಏನು ಹುಡುಕ್ತಿದ್ರಿ?"

"ತಪ್ಪು. ನನ್ನ ಕೆಲಸನ ಅದು. ಸೀರಿ ಬೆನ್ನಾಗ ತಪ್ಪು ಹುಡುಕೂದು."

"ಒಂದು ಸೀರೆ ನೇಯಕ್ಕೆ ಎಷ್ಟು ದಿನ?"

"ಎಂಟು ದಿನ. ಒಮ್ಮೊಮ್ಮೆ ಹತ್ತು."

"ನೀವು ನೋಡಕ್ಕೆ?"

ಅವಳು ಚುಚ್ಚಬೇಕೆಂದು ಕೇಳಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿದ್ದಳು ಅಷ್ಟೇ. ಆದರೂ ಅವನಿಗೆ ಎಲ್ಲರೆದುರು ಕಪಾಳಕ್ಕೆ ಹೊಡೆಸಿಕೊಂಡಷ್ಟು ನಾಚಿಕೆಯಾಯಿತು. ಮೂವತ್ತು ವರ್ಷದಲ್ಲಿ ತಾನು ಸೀರೆಗಳನ್ನು ನೋಡಿಯೇ ಇರಲಿಲ್ಲ, ತಪ್ಪುಗಳನ್ನಷ್ಟೇ ನೋಡಿದ್ದ.

ಸಾಹೇಬರು ನಾಲ್ಕಕ್ಕೆ ಬಂದರು. ಗದರಿಸಿ, ತಪ್ಪೊಪ್ಪಿಗೆ ಬರೆಸಿಕೊಂಡು ಬಿಟ್ಟರು. ಚನ್ನಮಲ್ಲಪ್ಪ ಮುನಿರತ್ನಮ್ಮನಿಗೆ ಕೈಮುಗಿದು ಓಡಿದ. ಬಸ್ಸು ಸಿಕ್ಕಿತು. ಆದರೆ ಬೆಳಗಿನ ಜಾವ ಗಾಲಿ ಪಂಕ್ಚರ್ ಆಗಿ ದಾರಿಯಲ್ಲೇ ನಿಂತಿತು. ಅವನು ರಸ್ತೆಯಲ್ಲಿ ಆಚೆಯಿಂದ ಈಚೆಗೆ ಎಷ್ಟು ಸಲ ಓಡಾಡಿದನೋ ದೇವರಿಗೇ ಗೊತ್ತು. ಊರು ಮುಟ್ಟುವಾಗ ಹತ್ತು ಗಂಟೆ ದಾಟಿತ್ತು.

ಮನೆಯ ಮುಂದೆ ಮಕ್ತುಮಸಾಬನ ಸೈಕಲ್ಲು. ಕ್ಯಾರಿಯರಿನ ಮೇಲೆ ಬಣ್ಣದ ಡಬ್ಬಿ, ಹಗ್ಗ ಬಿಗಿದಾಗಿತ್ತು. ದಾನವ್ವ ಹೊಸ್ತಿಲಲ್ಲಿ ನಿಂತಿದ್ದಳು.

"ಸಾಬಣ್ಣಾ, ಒಂದು ತಾಸು ತಡಿಯಪಾ" ಎಂದವನೇ ಚನ್ನಮಲ್ಲಪ್ಪ ಒಳಗೆ ನುಗ್ಗಿದ. ಗೋಡೆಗೆ ಮೋರೆ ಮಾಡಿ ನಿಂತಿದ್ದ ಚಿತ್ರವನ್ನು ಈ ಕಡೆ ತಿರುಗಿಸಿ ಇಟ್ಟ. ಚಪ್ಪಲಿ ಬಿಡಲು ಮರೆತಿದ್ದ. ಹಾಗೆಯೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಕಾಶವ್ವ ಚಹಾ ತಂದಿಟ್ಟಳು. ಚಹಾ ಆರಿತು. ಬಾಗಿಲಲ್ಲಿ ಮಕ್ತುಮಸಾಬ ಒಂದು ಬೀಡಿ ಮುಗಿಸಿ ಇನ್ನೊಂದು ಹಚ್ಚಿದ. ಚನ್ನಮಲ್ಲಪ್ಪನ ಕೈ ಎರಡು ಸಲ ಚೌಕಟ್ಟಿನತ್ತ ಹೋಯಿತು, ಮಗುಚಲಿಕ್ಕೆ. ಎರಡೂ ಸಲ ಹಿಂದಕ್ಕೆ ತೆಗೆದುಕೊಂಡು ತೊಡೆಯ ಕೆಳಗೆ ಅದುಮಿಕೊಂಡ.

ಕಡೆಗೆ ತಿರುಗದೆಯೇ ಮಾತಾಡಿದ. "ದಾನವ್ವಾ, ಸುಳ್ಳು ಹೇಳೂದಿಲ್ಲ ನಾ. ಅರ್ಥ ಆಗಲಿಲ್ಲ ನನಗ. ಆದ್ರ ಒಂದು ಕೇಳ್ತೀನಿ. ಈ ಕೆಂಪು ಗೆರಿ ಮ್ಯಾಲಿಂದ ಚಂದಾಗಿ ಇಳದು ಬಂದೈತಿ. ಇಲ್ಲಿ, ನಡುವ, ಒಮ್ಮಿಗಲೇ ನಿಂತೈತಿ. ನಿನ್ನ ಕೈ ಇಲ್ಲಿ ನಿಂತೈತಿ. ಏನಾತವ್ವಾ ಅವತ್ತು?"

ಮಗಳು ಬಂದು ಅವನ ಪಕ್ಕದಲ್ಲಿ ಕೂತಳು.

"ಅವತ್ತು ಆಯಿ ಹೋದ ಫೋನ್ ಬಂತಪ್ಪಾ. ಕೈಯಾಗ ಕೆಂಪು ಬಣ್ಣ ಇತ್ತು. ಆಮ್ಯಾಲ ಆ ಗೆರಿ ಮುಂದ ಎಳಿಯಾಕ ಆಗಲಿಲ್ಲ. ಸುತ್ತಲೂ ನೀಲಿ ಬರದೆ."

ಆಯಿ ಎಂದರೆ ಚನ್ನಮಲ್ಲಪ್ಪನ ತಾಯಿ. ಎಪ್ಪತ್ತು ವರ್ಷ ಮಗ್ಗದಲ್ಲಿ ಕೂತು, ಕಾರ್ತಿಕದಲ್ಲಿ ಕಣ್ಣು ಮುಚ್ಚಿದವಳು. ತನ್ನ ತಾಯಿ ತೀರಿಕೊಂಡ ಆ ಗಳಿಗೆ ಎದುರಿಗೆ ಇತ್ತು. ಅದನ್ನು ಅವನು ಮಗುಚಿ ನೋಡಿ, ನಕ್ಕು, ವಾಪಸ್ ಅಂದಿದ್ದ. ಚನ್ನಮಲ್ಲಪ್ಪ ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡು ಸಣ್ಣ ಮಗುವಿನ ಹಾಗೆ ಅತ್ತ. "ತಪ್ಪಾತು ಮಗಳ" ಎನ್ನುವುದನ್ನು ಹೇಳಲಿಕ್ಕೂ ಅವನಿಗೆ ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ಹೊರಗೆ ಮಕ್ತುಮಸಾಬ ಹಗ್ಗ ಬಿಚ್ಚುತ್ತಿದ್ದ. ಯಾರೂ ಅವನಿಗೆ ಏನೂ ಹೇಳಿರಲಿಲ್ಲ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, "ತಂಗೀ, ನೀಲಿ ಬಾಟ್ಲಿ ಖಾಲಿ ಆಗೇತಿ, ತರಿಸ್ಕೋ" ಎಂದು ಸೈಕಲ್ಲು ಏರಿದ.

ಈಗ ಸಂಘದಲ್ಲಿ ಸೀರೆ ಪಾಸಾಗಲು ಬಹಳ ಹೊತ್ತು ಹಿಡಿಯುತ್ತದೆ. ಚನ್ನಮಲ್ಲಪ್ಪಗ ವಯಸ್ಸಾತು, ಕಣ್ಣು ಮಂದಾದವು ಎಂದು ನೇಕಾರರು ಗೊಣಗುತ್ತಾರೆ. ಅವನು ಸೀರೆಯನ್ನು ಮೊದಲು ಮೋರೆ ಮೇಲಾಗಿ ಹರವುತ್ತಾನೆ. ಕೈಯಾಡಿಸುತ್ತಾನೆ. ಬೆನ್ನನ್ನೂ ನೋಡುತ್ತಾನೆ, ಕೆಲಸ ಬಿಟ್ಟಿಲ್ಲ. ಗಂಟು ಸಿಕ್ಕರೆ ಬಾಯಿಗೆ ಬಂದ ಹಳೆಯ ಮಾತನ್ನು ನುಂಗಿಕೊಂಡು, ನೇಯ್ದವರ ಮುಖ ನೋಡಿ ಕೇಳುತ್ತಾನೆ: "ಇಲ್ಲಿ ನಿನ್ನ ಕೈ ನಿಂತೈತಲ್ಲೋ. ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲೋ?"

ನೀತಿ: ಒಂದು ಕೈ ತಿಂಗಳುಗಟ್ಟಲೆ ಮಾಡಿದ್ದನ್ನು ಒಂದು ಕಣ್ಣು ಮಿಟುಕಿನಲ್ಲಿ ತಳ್ಳಿಹಾಕಬೇಡಿ. ಅರ್ಥವಾಗದಿದ್ದರೆ ನಾಚಿಕೆಯಿಲ್ಲ, ಅದರ ಮುಂದೆ ಕೂತು ನೋಡಿ, ಆಮೇಲೆ ಮಾಡಿದವರನ್ನೇ ಕೇಳಿ. ತಪ್ಪು ಹುಡುಕುವ ಕಣ್ಣಿಗೆ ತಪ್ಪು ಮಾತ್ರ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ.