ತೊಳೆಯಬೇಕಾದ ಕಲ್ಲು

ಕೆರೆಯಂಚಿನ ದೊಡ್ಡ ಕಲ್ಲು ಬೆಳ್ಳಕ್ಕಿಯದು. ಅಪ್ಪಿತಪ್ಪಿ ಕಾಗೆಯೇನಾದರೂ ಅದರ ಮೇಲೆ ಕೂತರೆ, ಕೂತ ಕಾಗೆಯೇ ಕೊಕ್ಕಿನಲ್ಲಿ ನೀರು ತಂದು ಕಲ್ಲು ತೊಳೆದು ಹೋಗಬೇಕು. ಇದು ಬೆಳ್ಳಕ್ಕಿಯ ಕಟ್ಟಳೆ. ಒಮ್ಮೆ ಅದಕ್ಕೆ ತನ್ನ ಬಿಳುಪನ್ನು ಲೋಕಕ್ಕೆಲ್ಲ ತೋರಿಸುವ ಚಪಲ ಹತ್ತಿತು. ಏನು ಮಾಡುವುದು, ಆ ಕೆರೆಯ ಸುತ್ತ ಫೋಟೋ ತೆಗೆಯಬಲ್ಲದ್ದು ಕಾಗೆಯೊಂದೇ!

"ದೂರ ನಿಂತೇ ತೆಗಿ," ಎಂದು ಗದರಿಸಿ, ಬೆಳ್ಳಕ್ಕಿ ಕಲ್ಲಿನ ಮೇಲೆ ಒಂಟಿ ಕಾಲಲ್ಲಿ ನಿಂತು ಕತ್ತು ಕೊಂಕಿಸಿತು.

ಮರುದಿನ ಕಾಗೆ ಕಲ್ಲಿನ ಕೆಳಗೆ ನಿಂತು ಫಿಲ್ಮಿನ ತುಂಡೊಂದನ್ನು ಬಿಸಿಲಿಗೆ ಹಿಡಿಯಿತು. ಬೆಳ್ಳಕ್ಕಿಗೆ ಅದರಲ್ಲಿ ಉದ್ದ ಕೊಕ್ಕೂ ಕಾಣಲಿಲ್ಲ, ಕೊಂಕಿದ ಕತ್ತೂ ಕಾಣಲಿಲ್ಲ. ಕಂಡದ್ದು ಬಣ್ಣವೊಂದೇ.

"ಯಾವನೋ ಅವನು ಕರಿಯ, ನನ್ನ ಕಲ್ಲಿನ ಮೇಲೆ? ಅವನ ಕೈಲೇ ತೊಳೆಸು!"

"ಹಾಗಾದರೆ ನೀರು ತನ್ನಿ ಧಣಿ," ಎಂದಿತು ಕಾಗೆ. "ಇದು ನೆಗೆಟಿವ್. ಬಿಳಿಯದು ಇದರಲ್ಲಿ ಕಪ್ಪಗೆ ಕಾಣುತ್ತದೆ. ಅಲ್ಲಿ ನಿಂತಿರುವವರು ತಾವೇ."

ಬೆಳ್ಳಕ್ಕಿ ಗಂಟಲು ಸರಿಮಾಡಿಕೊಂಡಿತು. "ಅಲ್ಲಯ್ಯಾ, ಕರಿಯ ನಿಂತ ಮಾತ್ರಕ್ಕೆ ಕಲ್ಲು ಮೈಲಿಗೆಯಾಗುತ್ತದೆಯೇ? ತೊಳೆಯುವುದೇನೂ ಬೇಡ."

ಕಾಗೆ ಪುರ್ರನೆ ಕಲ್ಲಿನ ಮೇಲಕ್ಕೆ ಹಾರಿ ಬೆಳ್ಳಕ್ಕಿಯ ಪಕ್ಕದಲ್ಲೇ ಕೂತಿತು.

"ಸ್ವಲ್ಪ ಆಚೆ ಸರಿಯಿರಿ ಧಣಿ, ನಮ್ಮ ಬಳಗವೆಲ್ಲ ಬರುತ್ತಿದೆ."