ಬೋಳನ ತೊಟ್ಟಿ

ಕಾವೇರಿ ದಂಡೆಯ ಒಂದು ಕ್ರೈಸ್ತ ಆಶ್ರಮದಲ್ಲಿ ಚೌರಪ್ಪ ಸ್ವಾಮಿ ಎಂಬ ಗುರುಗಳಿದ್ದರು. ಉಡುವುದು ಕಾವಿ, ಕೊರಳಲ್ಲಿ ಮರದ ಶಿಲುಬೆ, ಮಾತು ಕಡಿಮೆ.

ಶಿಷ್ಯ ಮರಿಜೋಸೆಫನಿಗೆ ಮಾತಿನ ಬರವಿರಲಿಲ್ಲ. ಸೆಮಿನರಿಯಲ್ಲಿ ದೈವಶಾಸ್ತ್ರ ಓದಿ ಆಗತಾನೇ ಬಂದಿದ್ದ; ಓದಿದ್ದು ಇನ್ನೂ ಅರಗಿರಲಿಲ್ಲ.

ಆಶ್ರಮದ ಕೊಟ್ಟಿಗೆಯಲ್ಲಿ ಬೋಳನೆಂಬ ಮುದಿ ಎತ್ತಿತ್ತು. ಪ್ರಾರ್ಥನಾ ಮಂದಿರದ ಕಲ್ಲನ್ನೆಲ್ಲ ಹೊಳೆಯಿಂದ ಎಳೆದು ತಂದದ್ದು ಅದೇ. ಈಗ ಮೇಯುವುದು, ಮಲಗುವುದು, ಅಷ್ಟೇ.

ಕ್ರಿಸ್ಮಸ್‌ಗೆ ದೂರದೂರದಿಂದ ಅತಿಥಿಗಳು ಬರುವವರಿದ್ದರು. ಕೊಟ್ಟಿಗೆ ಖಾಲಿಯಾದರೆ ಅವರಿಗೆ ಚಾಪೆ ಹಾಸಬಹುದೆಂದು ಮರಿಜೋಸೆಫ್ ದನದ ದಲ್ಲಾಳಿಗೆ ಹೇಳಿ ಕಳಿಸಿದ. ಮುದಿ ಎತ್ತನ್ನು ದಲ್ಲಾಳಿ ಎಲ್ಲಿಗೆ ಒಯ್ಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ಯಾರೂ ಕೇಳುವುದಿಲ್ಲ.

ಗುರುಗಳ ಕಿವಿಗೂ ಬಿತ್ತು.

"ಬೋಳನನ್ನು ಕಳಿಸುತ್ತೀಯಂತೆ?"

"ಮನುಷ್ಯರಿಗೆ ಜಾಗ ಬೇಕಲ್ಲ ಗುರುಗಳೇ. ಅದಕ್ಕೇನು ಅಮರವಾದ ಆತ್ಮವಿದೆಯೇ, ಸ್ವರ್ಗದಲ್ಲಿ ಪಾಲಿದೆಯೇ?"

"ಓಹೋ," ಎಂದು ಗುರುಗಳು ಮಂದಿರದೊಳಗೆ ಹೋದರು. ಶಿಷ್ಯ ಹಿಂದೆಯೇ ಹೋದ.

ಅಲ್ಲಿ ಅವನೇ ಕಟ್ಟಿದ ಗೋದಲಿಯಿತ್ತು. ಛತ್ರದಲ್ಲಿ ಜಾಗ ಸಿಗದೆ ಯೇಸು ದನದ ಕೊಟ್ಟಿಗೆಯಲ್ಲಿ ಹುಟ್ಟಿದ್ದರ ನೆನಪಿಗೆ ಹುಲ್ಲಿನ ಚಾವಣಿ, ಮಣ್ಣಿನ ಬೊಂಬೆಗಳು. ನಡುವೆ, ಬೋಳನ ಮೇವಿನ ಮರದ ತೊಟ್ಟಿಯನ್ನೇ ತೊಳೆದು ತಂದು, ಅದರಲ್ಲಿ ಬಾಲಯೇಸುವನ್ನು ಮಲಗಿಸಿದ್ದ.

ಗುರುಗಳು ಮಗುವನ್ನೆತ್ತಿ ಶಿಷ್ಯನ ಕೈಗಿತ್ತರು. ತೊಟ್ಟಿಯನ್ನು ಹೆಗಲಿಗೇರಿಸಿದರು.

"ಅದನ್ನೆಲ್ಲಿಗೆ, ಗುರುಗಳೇ?"

"ಬೋಳನದಲ್ಲವೇ? ಅವನ ಜೊತೆ ಹೋಗಲಿ."

"ಮಗುವನ್ನು ಎಲ್ಲಿ ಮಲಗಿಸಲಿ?"

"ಛತ್ರದಲ್ಲಿ ಕೇಳಿ ನೋಡು."

ಅಷ್ಟರಲ್ಲಿ ದಲ್ಲಾಳಿ ಹಗ್ಗ ಹಿಡಿದು ಬಾಗಿಲಲ್ಲಿ ಕೂಗುತ್ತಿದ್ದ. ಮರಿಜೋಸೆಫ್ ಬೊಂಬೆಯನ್ನು ಎದೆಗವಚಿಕೊಂಡೇ ಹೋದ.

"ಎತ್ತು ಕೊಡ್ತೀನಂತ ಕರೆಸಿ ಮಗು ತೋರಿಸ್ತೀರಲ್ಲ ಬುದ್ಧಿ," ಎಂದು ದಲ್ಲಾಳಿ ನಕ್ಕ.

ಎತ್ತು ಕೊಡುವುದಿಲ್ಲವೆಂದ ಮರಿಜೋಸೆಫ್. ದಲ್ಲಾಳಿ ಬೈದುಕೊಂಡು, ಹಗ್ಗ ಸುತ್ತಿಕೊಂಡು ಹೋದ.

ಸಂಜೆಯ ಹೊತ್ತಿಗೆ ಬೊಂಬೆಗಳೆಲ್ಲ ಕೊಟ್ಟಿಗೆಗೆ ಬಂದಿದ್ದವು. ಅತಿಥಿಗಳಿಗೆ ಮಂದಿರದಲ್ಲೇ ಚಾಪೆ ಹಾಸಿಯಾಗಿತ್ತು. ತೊಟ್ಟಿ ತನ್ನ ಜಾಗದಲ್ಲಿತ್ತು, ಮಗು ತೊಟ್ಟಿಯಲ್ಲಿತ್ತು. ಬೋಳ ಮಗುವಿನ ಕಾಲ ಬಳಿಯ ಹುಲ್ಲನ್ನು ನಿಧಾನಕ್ಕೆ ಎಳೆದು ತಿನ್ನುತ್ತಿದ್ದ.

ಮರಿಜೋಸೆಫ್ ಬಹಳ ಹೊತ್ತು ನೋಡಿದ. ಬಳಿಕ ಮೆಲ್ಲಗೆ ಕೇಳಿದ:

"ಗುರುಗಳೇ, ಸ್ವರ್ಗದಲ್ಲಿ ಬೋಳನಿಗೆ ಜಾಗ ಸಿಗುತ್ತದೆಯೇ?"

"ಅಲ್ಲಿಯದು ನನಗೇನು ಗೊತ್ತಪ್ಪ," ಎಂದರು ಗುರುಗಳು. "ಬೋಳನ ಕಡೆಯವರ ಮನೆಯಲ್ಲಿ ದೇವರಿಗೆ ಜಾಗ ಸಿಕ್ಕಿತ್ತು. ನನಗೆ ಗೊತ್ತಿರುವುದು ಅಷ್ಟೇ."